ಮುಂಬಯಿ-64 ಅಂತ ಟೈಪ್ ಮಾಡಿದರೆ ಪ್ರೋಗ್ರಾಂ ಏನು ಮಾಡಬೇಕು?

ಹೊಸದಾಗಿ ಪೈಥಾನ್ ಕಲಿಯುತ್ತಿರುವವರಿಗೆ ಮಾಡಿದ ವಿಡಿಯೊದ ಬರಹ ರೂಪ ಇದು. ಸಪೋರ್ಟ್, ಟೆಸ್ಟಿಂಗ್ ಅಂತ ಇದ್ದು ಈಗ ಕೋಡಿಂಗ್ ಕಡೆ ಬರಬೇಕು ಅನ್ನೋರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಕೋಡ್ ವಿಡಿಯೊದ ಸ್ಕ್ರೀನ್ ಮೇಲಿದೆ, ಇಲ್ಲಿ ಮಾತಿನಲ್ಲೇ ಹೇಳ್ತೀನಿ.

ಕನ್ನಡ ಸಂಘವೊಂದರ ಸದಸ್ಯರ ಪಟ್ಟಿ ಮಾಡಬೇಕು ಅಂದ್ಕೊಳ್ಳಿ. ಕಪ್ಪು ಕನ್ಸೋಲ್ ಕಿಟಕಿ, ಒಂದೊಂದೇ ಪ್ರಶ್ನೆ. ಇವತ್ತು ಪಿನ್‌ಕೋಡ್ ಮಾತ್ರ ನೋಡೋಣ. 1972ರ ಆಗಸ್ಟ್ 15ರಿಂದ ಬಳಕೆಯಲ್ಲಿರುವ ಆರಂಕಿಯ ಸಂಖ್ಯೆ ಇದು, ಮೊದಲ ಅಂಕಿ ಸೊನ್ನೆ ಇರಲ್ಲ. ಮಲಾಡ್ ಪಶ್ಚಿಮ 400064, ಪೂರ್ವ 400097. ಇದಕ್ಕಿಂತ ಸುಲಭದ ಇನ್‌ಪುಟ್ ಇಲ್ಲ ಅನ್ಸುತ್ತೆ, ಅಲ್ವಾ?

ಹೊಸಬರು ಬರೆಯೋದು ಒಂದೇ ಸಾಲು: ಇನ್‌ಪುಟ್ ತಗೋ, ಇಂಟ್‌ಗೆ ಬದಲಿಸು. ಯಾರೋ ಅಕ್ಷರ ಒತ್ತಿದ ಕೂಡಲೇ ವ್ಯಾಲ್ಯೂಎರರ್ ಬಂದು ಪ್ರೋಗ್ರಾಂ ನಿಂತುಹೋಗುತ್ತೆ. ಅಷ್ಟರಲ್ಲಿ 40 ಜನರ ವಿವರ ಟೈಪ್ ಆಗಿ ಬರೀ ಲಿಸ್ಟ್‌ನಲ್ಲಿದ್ದರೆ, ಫೈಲಿಗೆ ಬರೆದಿಲ್ಲ ಅಂದ್ರೆ, ಎಲ್ಲಾ ಹೋಯ್ತು. ಇದಕ್ಕೆ ಇಫ್ ಹಾಕಿ ಇನ್ನೊಂದು ಸಲ ಕೇಳ್ತಾರೆ. ಎರಡನೇ ಸಲವೂ ತಪ್ಪಾದರೆ? ಎಷ್ಟು ಸಲ ತಪ್ಪಾಗುತ್ತೆ ಅಂತ ಮೊದಲೇ ಗೊತ್ತಿಲ್ಲ, ಅದಕ್ಕೇ ಲೂಪ್. ವೈಲ್ ಟ್ರೂ ಅಂತ ಶುರು ಮಾಡಿ, ಟ್ರೈ ಒಳಗೆ ಬದಲಿಸಿ ನೋಡಿ, ಸರಿ ಇದ್ದರೆ ಬ್ರೇಕ್, ಇಲ್ಲದಿದ್ದರೆ ಏನು ತಪ್ಪು ಅಂತ ಹೇಳಿ ಮತ್ತೆ ಕೇಳಿ.

ಇಲ್ಲೇ ಒಂದು ಬಲೆ ಇದೆ. ಎಕ್ಸೆಪ್ಟ್ ಮುಂದೆ ಏನೂ ಬರೆಯದೆ ಬಿಟ್ಟರೆ ಅದು ಎಲ್ಲಾ ತಪ್ಪನ್ನೂ ನುಂಗುತ್ತೆ, ಕಂಟ್ರೋಲ್-ಸಿ ಒತ್ತಿದಾಗ ಬರುವ ಕೀಬೋರ್ಡ್‌ಇಂಟರಪ್ಟ್ ಅನ್ನೂ ಸೇರಿಸಿ. ಬಳಸೋರು ಹೊರಗೆ ಹೋಗೋಕೆ ನೋಡ್ತಾರೆ, ಪ್ರೋಗ್ರಾಂ ಮತ್ತೆ "ಪಿನ್‌ಕೋಡ್ ಕೊಡಿ" ಅನ್ನುತ್ತೆ. ಕಿಟಕಿಯನ್ನೇ ಮುಚ್ಚಬೇಕು. ಹಾಗಾಗಿ ಎಕ್ಸೆಪ್ಟ್ ವ್ಯಾಲ್ಯೂಎರರ್ ಅಂತ ಹೆಸರು ಹಿಡಿದೇ ಬರೆಯಿರಿ. "ಬಿಡಿ" ಅಂತ ಟೈಪ್ ಮಾಡಿದರೆ ಈ ಪ್ರಶ್ನೆ ದಾಟಿ ಹೋಗೋ ದಾರಿಯನ್ನೂ ಇಡಿ. ಪಿನ್ ನೆನಪಿಲ್ಲದವರೂ ಸದಸ್ಯರೇ ತಾನೇ!

ಇಷ್ಟು ಯಾವ ಟ್ಯುಟೋರಿಯಲ್‌ನಲ್ಲೂ ಸಿಗುತ್ತೆ. ಜನ ನಿಜವಾಗಿ ಏನು ಟೈಪ್ ಮಾಡ್ತಾರೆ ಅನ್ನೋದು ಅಲ್ಲಿ ಸಿಗಲ್ಲ. ಲಕೋಟೆ ಮೇಲೆ 400 064 ಅಂತ ನಡುವೆ ಜಾಗ ಬಿಟ್ಟು ಬರೆಯೋ ಅಭ್ಯಾಸ ಇದೆ. ಅದನ್ನ ಹಾಗೇ ಕೊಟ್ಟರೆ ಇಂಟ್ ಒಪ್ಪಲ್ಲ. ಸಂಖ್ಯೆಯ ಹಿಂದೆ ಮುಂದೆ ಜಾಗ ಇದ್ದರೆ ಮಾತ್ರ ತಾನೇ ತೆಗೆದುಹಾಕುತ್ತೆ, ನಡುವಿನದು ನಮ್ಮ ಕೆಲಸ. ಇನ್ನು ಇಲ್ಲಿ ತುಂಬಾ ವರ್ಷದಿಂದ ಇರೋ ಹಿರಿಯರು ಈಗಲೂ "ಮುಂಬಯಿ-64" ಅಂತಲೇ ಬರೀತಾರೆ. ಅವರಿಗೆ "ಇನ್ವ್ಯಾಲಿಡ್ ಇನ್‌ಪುಟ್" ಅಂದ್ರೆ ಏನು ಅರ್ಥ ಆಗಬೇಕು? "ಆರೂ ಅಂಕಿ ಬೇಕು, ಉದಾಹರಣೆಗೆ 400064" ಅನ್ನಿ. ಮೂರು ಸಲ ಬರೀ ಇನ್ವ್ಯಾಲಿಡ್ ಅಂತ ಬಂದರೆ "ನನಗೆ ಇದೆಲ್ಲ ಆಗಲ್ಲ ಬಿಡಪ್ಪಾ" ಅಂತ ಎದ್ದು ಹೋಗ್ತಾರೆ. ಪಟ್ಟಿಯಲ್ಲಿ ಅವರ ಹೆಸರು ಇರಲ್ಲ, ಯಾಕೆ ಇಲ್ಲ ಅಂತ ಯಾರಿಗೂ ಗೊತ್ತಾಗಲ್ಲ.

ಕನ್ನಡ ಅಂಕಿ ಹಾಕಿದರೆ? ಪೈಥಾನ್ 3ರ ಇಂಟ್‌ಗೆ ೪೦೦೦೬೪ ಅಂತ ಕೊಟ್ಟು ನೋಡಿ, 400064 ಅಂತ ವಾಪಸ್ ಕೊಡುತ್ತೆ. ಯೂನಿಕೋಡ್‌ನ ದಶಮಾಂಶ ಅಂಕಿಗಳೆಲ್ಲ ಅದಕ್ಕೆ ಗೊತ್ತು. ನನಗೆ ತುಂಬಾ ಇಷ್ಟವಾದ ವಿಷಯ ಇದು. ಆದರೆ ನಮ್ಮ ಸೊನ್ನೆಗೆ ಒಬ್ಬ ಅವಳಿ ಇದ್ದಾನೆ, ಅನುಸ್ವಾರ. ೦ ಮತ್ತು ಂ ನೋಡೋಕೆ ಹೆಚ್ಚುಕಮ್ಮಿ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಟೈಪ್ ಮಾಡೋವಾಗ ಸೊನ್ನೆಯ ಜಾಗದಲ್ಲಿ ಅನುಸ್ವಾರ ಬಿದ್ದರೆ ವ್ಯಾಲ್ಯೂಎರರ್ ಗ್ಯಾರಂಟಿ. ಕೆಲವು ಫಾಂಟ್‌ನಲ್ಲಿ ಚುಕ್ಕಿಗಳ ವೃತ್ತ ಮೂಡಿ ಅನುಮಾನ ಬರಬಹುದು, ಇಲ್ಲದಿದ್ದರೆ ಸ್ಕ್ರೀನ್ ಮೇಲೆ ಸರಿಯಾಗೇ ಕಾಣೋ ಸಂಖ್ಯೆಯನ್ನ ಪ್ರೋಗ್ರಾಂ ಮತ್ತೆ ಮತ್ತೆ ತಪ್ಪು ಅನ್ನುತ್ತೆ. ಅದಕ್ಕೆ ಪರಿಶೀಲನೆಗೆ ಮೊದಲು ರಿಪ್ಲೇಸ್ ಬಳಸಿ ಜಾಗ ತೆಗೆಯಿರಿ, ಅನುಸ್ವಾರವನ್ನ ಸೊನ್ನೆ ಮಾಡಿ. ಅಂಕಿಯ ಪ್ರಶ್ನೆಯಲ್ಲಿ ಮಾತ್ರ! ಹೆಸರಿನ ಮೇಲೆ ಇದನ್ನೇ ಓಡಿಸಿದರೆ ಗಂಗಾಧರಪ್ಪನವರ ಹೆಸರಿನೊಳಗೆ ಸೊನ್ನೆ ಕೂರುತ್ತೆ.

ಆಮೇಲೆ ಐಸ್‌ಡೆಸಿಮಲ್, ಉದ್ದ ಆರು, ಬೆಲೆ 100000 ಅಥವಾ ಹೆಚ್ಚು. ಅಷ್ಟೇ ಸಾಕು. ಕನ್ನಡಿಗರ ಪಟ್ಟಿ ಅಂತ "5ರಿಂದ ಶುರುವಾಗಬೇಕು" ಅನ್ನೋ ನಿಯಮ ಸೇರಿಸೋಕೆ ಹೋಗಬೇಡಿ. ಧಾರವಾಡ 580001 ಪಾಸ್ ಆಗುತ್ತೆ, ಆದರೆ ಕಾಸರಗೋಡು 671121, ಸೊಲ್ಲಾಪುರ 413001, ಮಲಾಡಿನಲ್ಲಿರೋ ನೀವು, ಎಲ್ಲರೂ ಹೊರಗೆ.

ಸಿ ಭಾಷೆಯಲ್ಲಿ ಇದೇ ಲೂಪ್ ಬರೆಯೋರಿಗೆ ಒಂದು ಮಾತು. ಸ್ಕ್ಯಾನ್‌ಎಫ್‌ಗೆ ಸಂಖ್ಯೆ ಸಿಗದಿದ್ದರೆ ಆ ಅಕ್ಷರವನ್ನ ಬಫರ್‌ನಲ್ಲೇ ಬಿಟ್ಟುಬಿಡುತ್ತೆ. ಮುಂದಿನ ಸುತ್ತಿನಲ್ಲಿ ಅದನ್ನೇ ಮತ್ತೆ ಓದುತ್ತೆ, ಲೂಪ್ ನಿಲ್ಲದೆ ಓಡುತ್ತೆ. ಇಡೀ ಸಾಲು ಓದಿಕೊಂಡು ಆಮೇಲೆ ಬದಲಿಸಿ. ಜಾವಾದ ನೆಕ್ಸ್ಟ್‌ಇಂಟ್ ಕೂಡ ಹೀಗೇ.

ಇಷ್ಟೆಲ್ಲಾ ಆದ ಮೇಲೂ ಒಬ್ಬರು 400064 ಬದಲು 400065 ಒತ್ತಿದರೆ ಲೂಪ್ ಖುಷಿಯಾಗಿ ಒಪ್ಪಿಕೊಳ್ಳುತ್ತೆ. ಅದು ಗೋರೆಗಾಂವ್ ಆರೆ ಕಾಲೊನಿಯ ಪಿನ್. ಸಂಖ್ಯೆಯ ಆಕಾರ ಸರಿ ಇದೆಯಾ ಅಂತ ಲೂಪ್ ನೋಡಬಲ್ಲದು, ಅದು ನಿಮ್ಮದೇನಾ ಅಂತ ಅದಕ್ಕೆ ತಿಳಿಯಲ್ಲ. ಬ್ರೇಕ್‌ಗೆ ಮುಂಚೆ ಸಂಖ್ಯೆ ತೋರಿಸಿ "ಇದು ಸರಿನಾ?" ಅಂತ ಒಂದು ಸಲ ಕೇಳಿ.

ಮನೆಗೆಲಸ: ಇದೇ ಲೂಪನ್ನ ಲ್ಯಾಂಡ್‌ಲೈನ್ ಎಸ್‌ಟಿಡಿ ಕೋಡಿಗೆ ಬರೆಯಿರಿ. ಮುಂಬಯಿ 022, ಹುಬ್ಬಳ್ಳಿ-ಧಾರವಾಡ 0836. ಇಂಟ್‌ಗೆ ಬದಲಿಸಿದ ಕೂಡಲೇ ಮುಂದಿನ ಸೊನ್ನೆ ಎಲ್ಲಿ ಹೋಯ್ತು ಅಂತ ನೋಡಿ, ಉತ್ತರ ಕಾಮೆಂಟ್‌ನಲ್ಲಿ ಹಾಕಿ.