ಮಾದರಿ ರೈಲುಮಾರ್ಗ: ಎತ್ತರ ಎಷ್ಟಿರಬೇಕು?

ಬಿಡುವಿನ ವೇಳೆಯನ್ನು ಸಾರ್ಥಕಗೊಳಿಸುವ ಹವ್ಯಾಸಗಳು ಹಲವು. ಅವುಗಳಲ್ಲಿ ಪಾಶ್ಚಾತ್ಯ ದೇಶಗಳ ಗೃಹಸ್ಥರು ಬಹುಕಾಲದಿಂದ ಅಕ್ಕರೆಯಿಂದ ಬೆಳೆಸಿಕೊಂಡು ಬಂದದ್ದು ಮಾದರಿ ರೈಲುಮಾರ್ಗಗಳ ನಿರ್ಮಾಣ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯು ಲೈಪ್‌ಜಿಗ್‌ನ ವಾಣಿಜ್ಯ ಮೇಳದಲ್ಲಿ ಗೊತ್ತಾದ ಅಳತೆಯ ಹಳಿಗಳುಳ್ಳ ಆಟದ ರೈಲನ್ನು ಪ್ರದರ್ಶಿಸಿತು. 1935ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಈ ಹವ್ಯಾಸಿಗಳ ರಾಷ್ಟ್ರೀಯ ಸಂಘವೇ ಹುಟ್ಟಿಕೊಂಡಿತು. ಹಳಿ, ನಿಲ್ದಾಣ, ಸೇತುವೆ, ಸುರಂಗ, ಬೆಟ್ಟ, ಊರು ಇವೆಲ್ಲವನ್ನೂ ಪ್ರಮಾಣಬದ್ಧವಾಗಿ ಕಿರಿದುಗೊಳಿಸಿ ಮರದ ಚೌಕಟ್ಟಿನ ಮೇಲೆ ಕಟ್ಟುವ ಈ ರಚನೆಯನ್ನು ಅಲ್ಲಿ ಲೇಔಟ್ ಎನ್ನುವರು. ಆ ಶಬ್ದ ಕೇಳಿದೊಡನೆ ನಮ್ಮವರಿಗೆ ನಿವೇಶನಗಳ ಬಡಾವಣೆ ನೆನಪಾಗುವುದರಿಂದ ನಾವಿಲ್ಲಿ ಮಾದರಿ ಮಾರ್ಗವೆಂದೇ ಕರೆಯುವೆವು.

ಇಂತಹ ಮಾರ್ಗವನ್ನು ಕಟ್ಟಲು ವರುಷಗಳೇ ಹಿಡಿಯುತ್ತವೆ. ನಿವೃತ್ತಿಯ ತರುವಾಯ ಈ ಕಾರ್ಯವನ್ನು ಕೈಗೆತ್ತಿಕೊಳ್ಳುವವರೂ ಅನೇಕರು. ಯಾವ ಎಂಜಿನು, ಎಂತಹ ಹಳಿ ಎಂದು ಬಹುಮಂದಿ ಮೊದಲು ಯೋಚಿಸುವುದುಂಟು. ಆದರೆ ಮೊದಲು ನಿರ್ಧರಿಸಬೇಕಾದುದು ಹಲಗೆಯ ಎತ್ತರ. ಅಡಿಗೆಮನೆಯ ಕಟ್ಟೆ ಎರಡೇ ಅಂಗುಲ ತಗ್ಗಾದರೂ ದಿನವಿಡೀ ನಿಂತು ಬೇಯಿಸುವ ತಾಯಂದಿರ ಸೊಂಟಕ್ಕೆ ಅದರ ಬಾಧೆ ತಿಳಿಯುತ್ತದೆ. ಇಲ್ಲಿಯೂ ಹಾಗೆಯೇ. ಹಳಿ ಕೂರಿಸಿ, ತಂತಿ ಎಳೆದು, ಬೆಟ್ಟ ಕಟ್ಟಿದ ಮೇಲೆ ಎತ್ತರವನ್ನು ತಿದ್ದುವುದು ಸುಲಭಸಾಧ್ಯವಲ್ಲ. ಮಾರ್ಗದ ಬಳಿ ಯಾರು ಸುಖವಾಗಿ ಇರಬಲ್ಲರು, ಯಾರು ಹೊರಗುಳಿಯುವರು ಎಂಬುದನ್ನು ಈ ಒಂದು ಅಳತೆಯೇ ನಿರ್ಣಯಿಸಿಬಿಡುತ್ತದೆ.

ಕಣ್ಣಿನ ಲೆಕ್ಕ

ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಪ್ರಮಾಣದಲ್ಲಿ ಪ್ರತಿಯೊಂದು ವಸ್ತುವೂ ಮೂಲದ 87ರಲ್ಲಿ ಒಂದು ಪಾಲು. ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಅಂದರೆ ಕಣ್ಣು ಹಳಿಗಿಂತ ಒಂದು ಅಡಿ ಮೇಲಿದ್ದರೆ ನಿಜವಾದ ರೈಲನ್ನು 87 ಅಡಿ ಎತ್ತರದಿಂದ ನೋಡಿದಂತೆ. ಐದೂವರೆ ಅಡಿಯ ವ್ಯಕ್ತಿ ನಿಂತಾಗ ಕಣ್ಣು ಸುಮಾರು 62 ಅಂಗುಲದ ಎತ್ತರದಲ್ಲಿರುತ್ತದೆ. ಹಳಿಯು ಊಟದ ಮೇಜಿನಂತೆ 30 ಅಂಗುಲದಲ್ಲಿದ್ದರೆ ಆತ ಸುಮಾರು 230 ಅಡಿ ಮೇಲಿನಿಂದ ಇಣುಕಿದಂತಾಗಿ, ಗಾಡಿಗಳ ಛಾವಣಿಯಷ್ಟೇ ಕಾಣುವುದು. ಹಳಿ 50 ಅಂಗುಲಕ್ಕೇರಿದರೆ ಆ ದೂರ 87 ಅಡಿಗೆ ಇಳಿಯುತ್ತದೆ. ಆತನೇ 42 ಅಂಗುಲದ ಹಲಗೆಯ ಮುಂದೆ ಕುರ್ಚಿಯಲ್ಲಿ ಕುಳಿತರೆ ಕಣ್ಣು ಹಳಿಗಿಂತ ನಾಲ್ಕೈದು ಅಂಗುಲ ಮಾತ್ರ ಮೇಲಿದ್ದು, ಎರಡಂತಸ್ತಿನ ಮನೆಯ ಮಾಳಿಗೆಯಿಂದ ರೈಲು ನೋಡಿದ ಅನುಭವವಾಗುತ್ತದೆ. ನಿಲ್ದಾಣದಲ್ಲಿ ನಿಂತು ಕಾಣುವ ಗಾಡಿಯ ಪಾರ್ಶ್ವ, ಕಿಟಕಿ, ಗಾಲಿಗಳು ಆಗ ಕಣ್ಣಿಗೆ ಬೀಳುತ್ತವೆ.

ಕೈಯ ಲೆಕ್ಕ

ಕಣ್ಣಿಗೆ ಹಿತವಾದುದು ಕೈಗೆ ಹಿತವಾಗಿರಬೇಕೆಂದಿಲ್ಲ. ನಿಂತು ಮಾಡುವ ನಯವಾದ ಕೆಲಸಕ್ಕೆ ಮೊಣಕೈಯ ಮಟ್ಟ ಅನುಕೂಲ. ಐದೂವರೆ ಅಡಿಯವರಿಗೆ ಇದು ಸುಮಾರು 42 ಅಂಗುಲ. ಹಲಗೆ ಏರಿದಂತೆಲ್ಲ ಕೈಚಾಚುವ ದೂರ ಕುಗ್ಗುತ್ತದೆ. ಹಿಂಬದಿಯ ಹಳಿಯಲ್ಲಿ ಗಾಡಿ ತಪ್ಪಿದರೆ ಮುಂದಿನ ಮರಗಿಡಗಳನ್ನು ತೋಳಿನಿಂದ ಮುರಿಯದೆ ಅದನ್ನು ಎತ್ತಲಾಗದು. ಎರಡು ಅಡಿ ಅಗಲ ಸಲೀಸು, ಎರಡೂವರೆ ಅಡಿ ಪರಮಾವಧಿ. ಆದುದರಿಂದ ಎತ್ತರದ ಮಾರ್ಗವು ಗೋಡೆಗುಂಟ ಸಾಗುವ ಕಿರಿದಾದ ಹಲಗೆಯಾಗಿರುವುದೇ ಲೇಸು.

ಹಲಗೆಯ ಅಡಿಭಾಗವನ್ನೂ ಮರೆಯಲಾಗದು. ವಿದ್ಯುತ್ ತಂತಿಗಳೆಲ್ಲ ಅಲ್ಲಿಯೇ ಇರುತ್ತವೆ. ತಗ್ಗಾದ ಹಲಗೆಯ ಕೆಳಗೆ ಅಂಗಾತ ಮಲಗಿ ಬೆಸುಗೆ ಹಾಕುವಾಗ ಕರಗಿದ ಸೀಸ ಮುಖದ ಮೇಲೆ ತೊಟ್ಟಿಕ್ಕುವ ಅಪಾಯವುಂಟು. ಕಣ್ಣಿಗೆ ರಕ್ಷಣೆಯ ಕನ್ನಡಕ ಅವಶ್ಯ. ಹಲಗೆ ಎತ್ತರದಲ್ಲಿದ್ದರೆ ಗಾಲಿಯ ಮಣೆಯ ಮೇಲೆ ಕುಳಿತೇ ಕೆಲಸ ಮುಗಿಸಬಹುದು. ಕೋಣೆಯ ಸುತ್ತ ಸಾಗುವ ಮಾರ್ಗ ಬಾಗಿಲಿಗೆ ಅಡ್ಡ ಬಂದಲ್ಲಿ ಕೆಲವರು ಅದರಡಿ ನುಸುಳಿ ಒಳಹೋಗುವ ಏರ್ಪಾಡು ಮಾಡುವರು. ಮಂಡಿನೋವುಳ್ಳ ಹಿರಿಯರಿಗೆ ಇದು ಶಿಕ್ಷೆಯೇ ಸರಿ. ಎತ್ತಿಡುವ ಸೇತುವೆಯನ್ನೋ ತಿರುಗುವ ಕದವನ್ನೋ ಅಳವಡಿಸುವುದು ವಿವೇಕ.

ಎಲ್ಲರಿಗೂ ಒಂದೇ ಅಳತೆಯಿಲ್ಲ

ಬೇರೆಬೇರೆ ಮನೆಗಳಲ್ಲಿ ಕಟ್ಟಿದ ತುಂಡುಗಳನ್ನು ತಂದು ಜೋಡಿಸುವ ಬಳಗಗಳು ಒಂದೇ ಎತ್ತರವನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ಎನ್‌ಟ್ರ್ಯಾಕ್ ಪದ್ಧತಿಯಲ್ಲಿ ಹಳಿಯ ಎತ್ತರ 40 ಅಂಗುಲ. ಅಮೆರಿಕದ ಫ್ರೀ-ಮೋ ಪದ್ಧತಿಯಲ್ಲಿ 50 ಅಂಗುಲ. ಯುರೋಪಿನ ಫ್ರೆಮೋ ಬಳಗದಲ್ಲಿ 1.3 ಮೀಟರ್. ಮನೆಯಲ್ಲಿ ಕಟ್ಟುವವರಿಗೆ ಈ ನಿರ್ಬಂಧವಿಲ್ಲ.

ಐದು ವರುಷದ ಮಗು ಮೂರೂವರೆ ಅಡಿಯಷ್ಟು ಎತ್ತರವಿರುವುದರಿಂದ 42 ಅಂಗುಲದ ಮಾರ್ಗದ ಮುಂದೆ ನಿಂತರೆ ಅದಕ್ಕೆ ಕಾಣುವುದು ಹಲಗೆಯ ಅಂಚು ಮಾತ್ರ. ಅಲುಗಾಡದ, ಹಿಡಿಗಂಬಿಯುಳ್ಳ ಒಂದು ಅಡಿಯ ಮೆಟ್ಟಿಲಿಟ್ಟರೆ ಈ ಕೊರತೆ ನೀಗುತ್ತದೆ. ಗಾಲಿಕುರ್ಚಿಯಲ್ಲಿರುವವರ ವಿಷಯ ಬೇರೆ. ಅವರ ಮಂಡಿಗಳು ಹಲಗೆಯಡಿ ಸರಿಯಲು 27 ಅಂಗುಲ ತೆರವು ಬೇಕೆಂದೂ, ಮೇಲ್ಮೈ 28ರಿಂದ 34 ಅಂಗುಲದೊಳಗಿರಬೇಕೆಂದೂ ಅಮೆರಿಕದ ಸರಕಾರಿ ಮಾನದಂಡ ಹೇಳುತ್ತದೆ. ಅಂತಹವರಿರುವ ಮನೆಯಲ್ಲಿ ಮಿಕ್ಕವರು ಕುರ್ಚಿಯಲ್ಲಿ ಕುಳಿತು ನೋಡುವುದೇ ಯುಕ್ತ.

ಮರ ಕೊಯ್ಯಿಸುವ ಮುನ್ನ ಒಂದು ಹಲಗೆಯನ್ನು ಪೆಟ್ಟಿಗೆಗಳ ಮೇಲೇರಿಸಿ, ಅದರ ಮೇಲೊಂದು ಗಾಡಿಯನ್ನಿಟ್ಟು, ಬೇರೆಬೇರೆ ಎತ್ತರಗಳಲ್ಲಿ ಅರ್ಧ ಗಂಟೆ ನಿಂತೂ ಕುಳಿತೂ ನೋಡಬೇಕು. ಕಾಲುಗಳ ತುದಿಗೆ ನಟ್ಟು-ಬೋಲ್ಟು ಕೂಡಿಸಿದರೆ ನೆಲದ ಏರುತಗ್ಗನ್ನು ಸರಿದೂಗಿಸಬಹುದು. ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಪ್ರಚುರಪಡಿಸಿದ, ‘ಎಲ್’ ಅಕ್ಷರದಾಕಾರದ ತೊಲೆಗಳ ಚೌಕಟ್ಟಿನಲ್ಲಿ ತಿರುಪುಗಳನ್ನು ಕೆಳಗಿನಿಂದಲೇ ಬಿಗಿಯುವುದರಿಂದ ಮುಂದೆಯೂ ಚಿಕ್ಕಪುಟ್ಟ ತಿದ್ದುಪಾಟಿಗೆ ಅವಕಾಶವಿರುತ್ತದೆ.

ನಿಂತು ಕಟ್ಟಿ ಕುಳಿತು ನೋಡುವ ಸಂಸಾರಕ್ಕೆ 40ರಿಂದ 44 ಅಂಗುಲದ ನಡುವಣ ಮಾರ್ಗ ಸಾಮಾನ್ಯವಾಗಿ ಹಿತಕರವೆಂದು ನಮ್ಮ ಅಭಿಪ್ರಾಯ. ಇಂದು ಕಟ್ಟುವವರು ಹತ್ತು ವರುಷಗಳ ಬಳಿಕವೂ ಅದರ ಮುಂದೆ ನಿಲ್ಲಬೇಕಾದವರು. ಆದುದರಿಂದ ಅಳತೆಪಟ್ಟಿಯನ್ನು ಹಲಗೆಗೆ ಹಿಡಿಯುವ ಮೊದಲು ಮನೆಯ ಅಜ್ಜನಿಗೂ ಮೊಮ್ಮಗನಿಗೂ ಹಿಡಿಯುವುದು ಒಳಿತು.