ಕುರ್ಚಿ ಪೈಪಿನ ರೋಲ್‌ಬಾರ್

ಗ್ರೈಂಡರಿನ ಬ್ಲೇಡು ಸೋಕಿ ಅರ್ಧ ನಿಮಿಷವೂ ಆಗಿರಲಿಲ್ಲ, ಪೈಪು ಎರಡು ತುಂಡಾಗಿ ನೆಲಕ್ಕೆ ಬಿತ್ತು. ಉಸ್ತಾದ್ ಒಂದು ತುಂಡಿನ ಬಾಯಿಯನ್ನು ಬೆಳಕಿಗೆ ಹಿಡಿದು, ವರ್ನಿಯರ್ ಕಚ್ಚಿಸಿ, ಅಳತೆ ಹೇಳದೆ ನನ್ನ ಕೈಗೇ ಕೊಟ್ಟರು. ಗೋಡೆಯ ದಪ್ಪ 1.2 ಮಿಲಿಮೀಟರ್.

‘ಇದು ಕುರ್ಚಿ ಪೈಪ್ ರೀ ಸರ. ಮದುವಿ ಮಂಟಪದಾಗ ಹಾಕ್ತಾರಲ್ಲ, ಆ ಕುರ್ಚಿದು. ಮ್ಯಾಲ ಕ್ರೋಮ್ ಹೊಡದಾರ, ಅಷ್ಟ.’

ಜೀಪಿನ ಮಾಲೀಕರಾದ ಗೌಡ್ರು ಮಸ್ಕಿ ಕಡೆಯವರು. ಗಾಡಿ ಉರುಳಿದರೆ ತಮ್ಮ ಕುತ್ತಿಗೆ ಕಾಯುತ್ತದೆಂದು ವರ್ಷಗಟ್ಟಲೆ ನಂಬಿದ್ದ ಆ ರೋಲ್‌ಬಾರ್ ಪೈಪನ್ನು ಕಾಲಲ್ಲಿ ಒಮ್ಮೆ ಉರುಳಿಸಿ ನೋಡಿದರು. ಏನೂ ಮಾತಾಡದೆ ಎಲೆ ಅಡಿಕೆ ಚೀಲ ತೆಗೆದರು.

ಇದೆಲ್ಲ ನಡೆದದ್ದು ಸಿಂಧನೂರಿನ ಹೆದ್ದಾರಿ ಬದಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಜೀಪು ಅಲ್ಲಿನ ಮುಖ್ಯ ಕಸುಬಲ್ಲ. ಟ್ರ್ಯಾಲಿ, ಗದ್ದೆ ಸಮ ಮಾಡುವ ಬ್ಲೇಡು, ಎಲ್ಲಕ್ಕಿಂತ ಹೆಚ್ಚಾಗಿ ಕೇಜ್‌ವೀಲ್. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ ಬಂತೆಂದರೆ ಇಲ್ಲಿ ಕೇಜ್‌ವೀಲ್ ರಿಪೇರಿಗೆ ಸರದಿ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರು ಹೂತು ಹೋಗದಂತೆ ಹಾಕುವ ಆ ಕಬ್ಬಿಣದ ಚಕ್ರ ಡಾಂಬರು ರಸ್ತೆಯನ್ನು ಏನು ಮಾಡುತ್ತದೆಂದು ಈ ಭಾಗದ ಓದುಗರಿಗೆ ಹೇಳಬೇಕಿಲ್ಲ. ಆದರೆ ಕಬ್ಬಿಣವನ್ನು ಸುಕ್ಕುಗಟ್ಟದಂತೆ ದುಂಡಗೆ ಬಾಗಿಸುವ ಕೈಚಳಕ ಈ ಅಂಗಡಿಗಳಿಗೆ ಬಂದದ್ದು ಅದರಿಂದಲೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಹೊಳಪಿನ ರೋಲ್‌ಬಾರ್‌ಗಿಂತ ಸಿಂಧನೂರಿನ ಕೇಜ್‌ವೀಲ್ ಉಸ್ತಾದ್ ಬಾಗಿಸಿದ್ದನ್ನು ನಾನು ಹೆಚ್ಚು ನಂಬುತ್ತೇನೆ. ಇದು ಪಕ್ಷಪಾತವೆಂದರೆ ಹೌದು.

ಜೀಪು ಮಹೀಂದ್ರ ಎಂಎಂ 540. ಪ್ಯೂಜೊ ಡೀಸೆಲ್ ಎಂಜಿನ್, 91 ಇಂಚಿನ ವೀಲ್‌ಬೇಸ್, ಹರಾಜಿನಲ್ಲಿ ಕೊಂಡದ್ದು. ಇದರ ವಂಶಾವಳಿ ಗೊತ್ತಿರುವುದೇ. 1947ರಲ್ಲಿ ಬಿಡಿಭಾಗ ತರಿಸಿ ವಿಲೀಸ್ ಜೀಪು ಜೋಡಿಸುವುದರಿಂದ ಮಹೀಂದ್ರದ ಗಾಡಿ ಕೆಲಸ ಶುರುವಾಯಿತು; ಆಮೇಲೆ ಎತ್ತರದ ಬಾನೆಟ್ಟಿನ ಸಿಜೆ-3ಬಿ; 80ರ ದಶಕದಲ್ಲಿ ಈ 540. ಆ ಸಿಜೆ-3ಬಿಯ ಎಡ ಬಲ ಚಕ್ರಗಳ ನಡುವಿನ ಅಂತರ ನಾಲ್ಕಡಿಗಿಂತ ಕೂದಲೆಳೆಯಷ್ಟೇ ಹೆಚ್ಚು. ಅಷ್ಟು ಕಿರಿದಾದ ಪಾದದ ಮೇಲೆ ಅಷ್ಟು ಎತ್ತರದ ಗಾಡಿ. ಅಮೆರಿಕದಲ್ಲಿ 1980ರ ಡಿಸೆಂಬರಿನಲ್ಲಿ ‘60 ಮಿನಿಟ್ಸ್’ ಎಂಬ ಟಿವಿ ಕಾರ್ಯಕ್ರಮ ಇದರ ದಾಯಾದಿ ಸಿಜೆ-5 ಉರುಳುವುದನ್ನು ದೇಶಕ್ಕೆಲ್ಲ ತೋರಿಸಿತು. ನೂರಾರು ಸಲ ಓಡಿಸಿ ಕೆಲವೇ ಸಲ ಉರುಳಿಸಿದ್ದರು ಎಂಬ ತಕರಾರು ಆಮೇಲೆ ಬಂತು. ತಕರಾರಿನಲ್ಲಿ ಹುರುಳಿದ್ದರೂ ಸಿಜೆ-5ರ ಉತ್ಪಾದನೆ 1983ಕ್ಕೆ ನಿಂತಿತು. ನಮ್ಮಲ್ಲಿ ಮಹೀಂದ್ರದ 2020ರ ಹೊಸ ಥಾರ್ ಒಳಗೇ ಕಬ್ಬಿಣದ ಪಂಜರ ಕಟ್ಟಿಕೊಂಡು ಬಂದು ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ನಡುವಿನ ದಶಕಗಳ ಗಾಡಿಗಳಿಗೆ ಮಾಲೀಕನ ಬುದ್ಧಿ, ವೆಲ್ಡರನ ಕೈ, ಇವೇ ಗತಿ.

ಆ ಹಳೆಯ ಪೈಪಿನ ಬಗ್ಗೆ ಇನ್ನಷ್ಟು ಹೇಳದೆ ಮುಂದೆ ಹೋಗಲಾರೆ. ಅದರಲ್ಲಿ ಒಂಬತ್ತು ತೂತುಗಳಿದ್ದವು. ಎರಡು ಮೈಕಿನ ಕ್ಲಾಂಪಿಗೆ. ನಾಲ್ಕು ದೀಪಕ್ಕೆ. ಅಂಚಿನ ಒಂದೊಂದು ಬಾವುಟದ ಕೋಲಿಗೆ. ಒಂಬತ್ತನೆಯದು ಯಾತಕ್ಕೆಂದು ಗೌಡ್ರಿಗೇ ನೆನಪಿಲ್ಲ. ಡ್ರಿಲ್ಲು ಕೈಯಲ್ಲಿತ್ತೆಂದು ಯಾರೋ ಕೊರೆದಿರಬೇಕು. ನಡುವೆ ಒಂದೂವರೆ ಅಡಿಯಷ್ಟು ಉದ್ದಕ್ಕೆ ಕ್ರೋಮ್ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು. ಅದು ತುಕ್ಕಲ್ಲ, ಕೈ. ಮೆರವಣಿಗೆಯಲ್ಲಿ ಹಿಂದೆ ನಿಂತವರು ಒಂದು ಕೈ ಬೀಸುತ್ತ, ಇನ್ನೊಂದರಲ್ಲಿ ಹಿಡಿದುಕೊಂಡ ಜಾಗ. ಗಣೇಶನ ಮೆರವಣಿಗೆ, ಮದುವೆ ದಿಬ್ಬಣ, ಎಲ್ಲಕ್ಕಿಂತ ಹೆಚ್ಚು ಚುನಾವಣೆ. 2021ರ ಏಪ್ರಿಲ್‌ನಲ್ಲಿ ಮಸ್ಕಿ ಉಪಚುನಾವಣೆಯಾದಾಗ ಈ ಹೆದ್ದಾರಿಯಲ್ಲಿ ತೆರೆದ ಗಾಡಿಗಳಿಗೆ ಎಂಥ ಬೇಡಿಕೆಯಿತ್ತೆಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ‘ಯಾವ ಪಾರ್ಟಿಗೆ ಕೊಟ್ಟಿದ್ರಿ ಗೌಡ್ರೇ?’ ಅಂದೆ. ‘ಕೇಳಿದವರಿಗೆಲ್ಲ ಕೊಟ್ಟೀನಿ. ಡೀಸೆಲ್ ಅವರದ, ಗಾಡಿ ನಮ್ಮದು.’

ಅಂದಿನಿಂದ ಪತ್ರಿಕೆಯಲ್ಲಿ ರೋಡ್ ಷೋ ಚಿತ್ರ ಬಂದರೆ ನಾಯಕರ ಮುಖ ಬಿಟ್ಟು ಅವರ ಎಡಗೈ ನೋಡುವ ಚಟ ಹತ್ತಿದೆ. ಪಕ್ಷ ಯಾವುದೇ ಇರಲಿ, ಅದು ಒಂದು ಅಡ್ಡಪಟ್ಟಿಯ ಮೇಲಿರುತ್ತದೆ. ಹಿಡಿದುಕೊಳ್ಳಲು ಕುರ್ಚಿ ಪೈಪು ಧಾರಾಳ ಸಾಕು. ಗಾಡಿ ಉರುಳಿದಾಗ ಅದರ ಮೇಲೆ ಬೀಳುವುದು ಒಂದು ಟನ್ನಿಗೂ ಮೀರಿದ ಭಾರ, ಅದೂ ಓರೆಯಾಗಿ, ಒಂದೇ ಏಟಿಗೆ. ಆ ಒಂಬತ್ತು ತೂತುಗಳಿಂದ ಮಳೆನೀರು ಇಳಿದು ಒಳಗಿನಿಂದಲೂ ತಿಂದಿತ್ತು. ಕೊಯ್ದ ಬಾಯಿಯಿಂದ ಕೆಂಪು ಪುಡಿ ಸುರಿಯಿತು. ಕಣಜ ಕಟ್ಟಿದ ಮಣ್ಣಿನ ಗೂಡೂ ಬಿತ್ತು.

ಹೊಸದಕ್ಕೆ ಯಾವ ಪೈಪು? ಇಲ್ಲಿ ಸುಮಾರು ಹೊತ್ತು ವಾದ ನಡೆಯಿತು. ಗೌಡ್ರ ಅಳಿಯ ಬೋರ್‌ವೆಲ್‌ನಿಂದ ಉಳಿದ ಜಿಐ ಪೈಪು ಟ್ರ್ಯಾಲಿಯಲ್ಲಿ ಹಾಕಿಕೊಂಡೇ ಬಂದಿದ್ದ. ಒಂದೂವರೆ ಇಂಚಿನದು. ನೀರಿನ ಪೈಪಿನ ಅಳತೆಯದೊಂದು ಮೋಜಿದೆ: ‘ಒಂದೂವರೆ ಇಂಚು’ ಎನ್ನುವುದು ನೀರು ಹರಿಯುವ ಒಳಗಿನ ಲೆಕ್ಕ. ಹೊರಗೆ ಅಳೆದರೆ 48 ಮಿ.ಮೀ., ಅಂದರೆ ಎರಡು ಇಂಚಿಗೆ ಹತ್ತಿರ. ಬಿ ಕ್ಲಾಸಿನ ಗೋಡೆ ಮೂರು ಮಿ.ಮೀ.ಗಿಂತ ಹೆಚ್ಚು, ಸಿ ಕ್ಲಾಸಿನದು ಸುಮಾರು ನಾಲ್ಕು. ಮೋಟಾರು ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎ ಮುಖ್ಯ ರೋಲ್‌ಬಾರ್‌ಗೆ ಕೇಳುವುದು 45 ಮಿ.ಮೀ. ಹೊರವ್ಯಾಸಕ್ಕೆ 2.5 ದಪ್ಪ, ಇಲ್ಲವೇ 50ಕ್ಕೆ 2. ಹಾಗಾದರೆ ಅಳಿಯನ ಪೈಪು ಗೆದ್ದಿತಲ್ಲ?

ಇಲ್ಲ. ಎಫ್‌ಐಎ ಹೇಳುವುದು ತಣ್ಣಗೆ ಎಳೆದ, ಹೊಲಿಗೆಯಿಲ್ಲದ ಕೊಳವೆ. ನಮ್ಮಲ್ಲಿ ಸಿಡಿಎಸ್ ಎಂದು ಕೊಳ್ಳುವುದು. ನೀರಿನ ಪೈಪು ತಗಡನ್ನು ಸುತ್ತಿ ಉದ್ದಕ್ಕೆ ಬೆಸೆದದ್ದು. ಕೆಟ್ಟ ಕಡೆ ಬಾಗಿಸಿದರೆ ಆ ಬೆಸುಗೆಯೇ ಬಾಯಿ ಬಿಡುತ್ತದೆ. ಮೇಲಿನ ಸತುವಿನ ಲೇಪವನ್ನು ಉಜ್ಜಿ ತೆಗೆಯದೆ ಬೆಸುಗೆ ಹಾಕಿದರೆ ಬಿಳಿ ಹೊಗೆ ಏಳುತ್ತದೆ; ಅದನ್ನು ಕುಡಿದ ವೆಲ್ಡರನಿಗೆ ಸಂಜೆಗೆ ಚಳಿಜ್ವರ. ಹಾಲು ಕುಡಿದರೆ ಹೋಗುತ್ತದೆ ಎಂಬುದು ಅಂಗಡಿಗಳ ನಂಬಿಕೆ. ಹಾಲಿಗೆ ಅಂಥ ಶಕ್ತಿಯೇನೂ ಇಲ್ಲ. ಉಸ್ತಾದ್ ಜಿಐ ಪೈಪನ್ನು ಮುಟ್ಟಲೇ ಇಲ್ಲ. ಹೈದರಾಬಾದಿನಿಂದ ತರಿಸಿದ ಸಿಡಿಎಸ್ ಕೊಳವೆ ಅಟ್ಟದ ಮೇಲಿತ್ತು.

ಮೊದಲು ಸಣ್ಣ ಸರಳೊಂದನ್ನು ಜೀಪಿನೊಳಗೇ ಬಾಗಿಸಿ ಅಚ್ಚು ತೆಗೆದರು. ಆಮೇಲೆ ಹೈಡ್ರಾಲಿಕ್ ಬೆಂಡರಿನಲ್ಲಿ ಕೊಳವೆ. ಬಾಗಿನ ತ್ರಿಜ್ಯ ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು ಎಂಬ ನಿಯಮ ಉಸ್ತಾದರಿಗೆ ಪುಸ್ತಕದಿಂದ ಬಂದದ್ದಲ್ಲ. ಬಾಗಿದ ಒಳಮೈ ಮೇಲೆ ಹೆಬ್ಬೆರಳು ಆಡಿಸಿ, ‘ಗುಳಿ ಇಲ್ಲ, ನೆರಿಗಿ ಇಲ್ಲ. ನಡೀತದ’ ಅಂದರು.

ಇಷ್ಟಾದರೂ ಮುಖ್ಯ ಸಂಗತಿಗೆ ಇನ್ನೂ ಬಂದಿಲ್ಲ. ಈ ಭೇಟಿಯ ತನಕ ನಾನೂ ಎಲ್ಲರಂತೆ ರೋಲ್‌ಬಾರ್ ನೋಡುವಾಗ ಮೇಲೆ ನೋಡುತ್ತಿದ್ದೆ. ನೋಡಬೇಕಾದ್ದು ಅದರ ಪಾದ. ಹಳೆಯ ಬಾರಿನ ಪಾದವನ್ನು ಹಿಂದಿನ ಗಾಲಿಯ ಮೇಲಿನ ತಗಡಿಗೆ ಎರಡೆರಡು ಬೋಲ್ಟಿನಲ್ಲಿ ಕೂರಿಸಿದ್ದರು. ರಾತ್ರಿಯೆಲ್ಲ ಡೀಸೆಲಿನಲ್ಲಿ ನೆನೆಸಿದರೂ ನಟ್ಟು ತಿರುಗಲಿಲ್ಲ. ಕಡೆಗೆ ಪಾನಾ ಹಾಕಿ ಎಳೆದಾಗ ನಟ್ಟಿನ ಬದಲು ತಗಡೇ ಹರಿದು ಬಂತು. ‘ಹಪ್ಪಳದ ಮ್ಯಾಲ ಕಂಬ ನಿಲ್ಲಿಸ್ಯಾರ’ ಎಂದರು ಉಸ್ತಾದ್. ಜೀಪು ಮಗುಚಿದ್ದರೆ ಪೈಪು ಬಾಗುವ ಮೊದಲೇ ಅದರ ಕಾಲು ತಗಡನ್ನು ತೂರಿ ಕೆಳಗಿಳಿಯುತ್ತಿತ್ತು.

ಆದ್ದರಿಂದ ಬಾರ್ ಬದಲಿಸುವ ಕೆಲಸದ ಬಹುಪಾಲು ಸಮಯ ಬಾರಿನದಲ್ಲ. ಬ್ಯಾಟರಿ ವೈರು ಬಿಚ್ಚಿ, ಡೀಸೆಲ್ ಟ್ಯಾಂಕು ಕಳಚಿ ದೂರ ಇಟ್ಟರು. ಹಿಂದಿನ ಸೀಟು, ಹುಡ್ಡಿನ ಕಂಬಿ, ಎಲ್ಲ ಹೊರಗೆ. ಕೊಳೆತ ತಗಡನ್ನು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ ಹೊಸ ತೇಪೆ ಬೆಸೆದರು. ಅದರ ಮೇಲೊಂದು ಪ್ಲೇಟು, ಕೆಳಗೊಂದು ಪ್ಲೇಟು. ನಡುವೆ ತಗಡು ಸಿಕ್ಕಿ ಕೂರಬೇಕು. ಎಫ್‌ಐಎ ಲೆಕ್ಕದಲ್ಲಿ ಪ್ಲೇಟು ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂಟಿಮೀಟರ್ ವಿಸ್ತೀರ್ಣ, ಪಾದಕ್ಕೆ ಮೂರು ಬೋಲ್ಟು. ಉಸ್ತಾದ್ ಹಾಕಿದ್ದು 5 ಮಿ.ಮೀ. ಪ್ಲೇಟು, ನಾಲ್ಕು ಬೋಲ್ಟು, ತಲೆಯ ಮೇಲೆ 8.8 ಎಂದು ಅಚ್ಚಾದವು. ಆ ಅಂಕಿಯಿಲ್ಲದ ಬೋಲ್ಟನ್ನು ಅಳಿಯ ಕೊಟ್ಟಾಗ ಪಕ್ಕದ ಡಬ್ಬಿಗೆ ಎಸೆದರು. ಬಾರಿನ ಒಂದು ಕಾಲನ್ನು ಬಾಡಿಯ ತಗಡಿಗೆ, ಇನ್ನೊಂದನ್ನು ಚಾಸಿಗೆ ಕಟ್ಟುವವರೂ ಇದ್ದಾರಂತೆ. ಹಳ್ಳದ ದಾರಿಯಲ್ಲಿ ಬಾಡಿ, ಚಾಸಿ ಬೇರೆ ಬೇರೆ ತಿರುಚಿಕೊಳ್ಳುವುದರಿಂದ ಅಂಥ ಬಾರು ಬೆಸುಗೆಯಲ್ಲೇ ಬಿರುಕು ಬಿಡುತ್ತದೆ.

ಎತ್ತರ ನೋಡಲು ಒಂದು ಬಿದಿರು ಕೋಲು ಸಾಕಾಯಿತು. ಗೌಡ್ರನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಿ, ಬಾರಿನ ತುದಿಯಿಂದ ಬಾನೆಟ್ಟಿನ ಮೂತಿಗೆ ಕೋಲು ಇಟ್ಟರು. ತಲೆ ಕೋಲಿನ ಕೆಳಗಿರಬೇಕು. ಹಳೆಯ ಬಾರಿನಲ್ಲಿ ಗೌಡ್ರ ಕಿವಿಯ ಮೇಲಿನದೆಲ್ಲ ಕೋಲಿನ ಮೇಲಿತ್ತು. ಹೊಸದರಲ್ಲಿ ಪೇಟ ತೆಗೆದರೆ ಅಡಗುತ್ತದೆ, ಸುತ್ತಿಕೊಂಡರೆ ತಾಗುತ್ತದೆ. ‘ಮುಂದಕ್ಕೂ ಒಂದು ಹಾಕಸ್ರಿ’ ಎಂದರು ಉಸ್ತಾದ್. ‘ಜೀಪ್ ಹೋಗಿ ಪಂಜರ ಆಗ್ತದ, ಬ್ಯಾಡ’ ಎಂದರು ಗೌಡ್ರು. ಸೀಟ್ ಬೆಲ್ಟಿಗೆ ಮಾತ್ರ ಒಪ್ಪಿದರು. ಅದಿಲ್ಲದಿದ್ದರೆ ಹೊಸ ಬಾರೂ ತಲೆ ಬಡಿದುಕೊಳ್ಳುವ ಕಬ್ಬಿಣವೇ.

ಲಿಂಗಸುಗೂರಿನಲ್ಲಿ ಜೀಪು ಓಡಿಸಿಯೇ ಮುದುಕರಾದ ಒಬ್ಬ ಡ್ರೈವರನ್ನು ಈ ಬಗ್ಗೆ ಕೇಳಿದೆ. ಸಿಂಧನೂರಿನ ಎರೆಮಣ್ಣು, ಕಾಲುವೆ ಏರಿ ಒಂದು ತರಹ. ಹಟ್ಟಿ, ಜಲದುರ್ಗದ ಕಡೆಯ ಕಲ್ಲು ದಿನ್ನೆ ಇನ್ನೊಂದು ತರಹ. ‘ನಮ್ಮ ಕಾಲಕ್ಕ ಯಾವ ಬಾರೂ ಇರಲಿಲ್ಲ. ವಾಲಿದರ ಹಾರಿಬಿಡೂದು’ ಎಂದರು. ಹಾರಿ ಬದುಕಿದವರ ಕತೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ ಎಂಬುದು ನನ್ನ ಅನುಮಾನ. ತೆರೆದ ಗಾಡಿಯಿಂದ ಹೊರಬಿದ್ದವನ ಮೇಲೆಯೇ ಗಾಡಿ ಬೀಳುತ್ತದೆ. ವಾಪಸು ಬರುವಾಗ ಮಸ್ಕಿ ಬೆಟ್ಟ ಕಂಡಿತು. ಬಂಗಾರದ ಜಾಡು ಹಿಡಿದು ಬಂದ ಎಂಜಿನಿಯರ್ ಬೀಡನ್ 1915ರಲ್ಲಿ ಅಶೋಕನ ಹೆಸರು ಕೊರೆದ ಬಂಡೆ ಕಂಡ ಊರು. ಅಲ್ಲಿ ನನಗೆ ಕಂಡದ್ದು ದಾರಿಯಲ್ಲಿ ನಿಂತ ಜೀಪುಗಳ ಬಾರಿನ ಪಾದಗಳು. ಬಗ್ಗಿ ನೋಡಿದವುಗಳಲ್ಲಿ ಒಂದಕ್ಕೂ ಕೆಳಗೆ ಪ್ಲೇಟು ಇರಲಿಲ್ಲ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಾರ್ಖಾನೆಯ ಮೂಲ ವಿವರಕ್ಕೆ ಭಿನ್ನವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಮೇಲು.

ಅಂಗಡಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಜೀಪಿನ ಪಕ್ಕ ನಿಂತಿದ್ದ ಟ್ರ್ಯಾಕ್ಟರು. ಟ್ರ್ಯಾಕ್ಟರ್ ಮಾರಾಟದಲ್ಲಿ ಏಷ್ಯಾಕ್ಕೇ ತಾವು ಮೊದಲು ಎಂದು ಸಿಂಧನೂರಿನವರು ಹೇಳಿಕೊಳ್ಳುತ್ತಾರೆ. ಏಷ್ಯಾವನ್ನು ಯಾರು ಎಣಿಸಿದರೋ, ಬಿಡಿ. ಷೋರೂಮುಗಳ ಸಾಲಂತೂ ನಿಜ. ಕೆಸರಲ್ಲಿ ಹಿಂದಿನ ಗಾಲಿ ಕಚ್ಚಿಕೊಂಡಾಗ ಗಾಬರಿಯಿಂದ ಆಕ್ಸಿಲರೇಟರ್ ತುಳಿದರೆ ಟ್ರ್ಯಾಕ್ಟರಿನ ಮೂತಿ ಏಳುತ್ತದೆ. ಅದು ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡು ಸಾಕು, ಹಾರಲು ಪುರಸೊತ್ತಿಲ್ಲ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟು ಕಡ್ಡಾಯ ಮಾಡಿತು. ಅಲ್ಲಿ ಮಗುಚಿ ಸಾಯುವವರು ತೀರ ವಿರಳವಾದರು. ಅಮೆರಿಕದಲ್ಲಿ 1985ರಿಂದ ತಯಾರಕರೇ ಒಪ್ಪಿಕೊಂಡು ಅಳವಡಿಸುತ್ತಿದ್ದಾರೆ. ಇಲ್ಲಿನ ಬಹುಪಾಲು ಟ್ರ್ಯಾಕ್ಟರುಗಳ ಸೀಟಿನ ಮೇಲಿರುವುದು ಬಿಸಿಲಿಗೆ ಹಿಡಿದ ತಗಡು, ಅದರಡಿ ಒಂದು ಟೇಪ್‌ರೆಕಾರ್ಡರ್.

‘ನೀವೇ ಒಂದು ಮಾಡಿ ಕೂಡಿಸಬಹುದಲ್ಲ ಉಸ್ತಾದ್?’ ಎಂದೆ. ತಲೆ ಅಲ್ಲಾಡಿಸಿದರು. ಹಿಂದಿನ ಆಕ್ಸಲ್ ಕವಚಕ್ಕೆ ಬೆಸುಗೆ ತಾಗಿದರೆ ಅದು ಬಿರಿಯುತ್ತದೆ, ಅದು ಕಂಪನಿಯೇ ಕೂರಿಸಬೇಕಾದದ್ದು ಎಂದರು. ಆ ಮಾತು ಸರಿ. ಆದ್ದರಿಂದ ಈ ಹಂಗಾಮಿನಲ್ಲಿ ಹೊಸ ಟ್ರ್ಯಾಕ್ಟರ್ ಕೊಳ್ಳುವವರು ಷೋರೂಮಿನಲ್ಲಿ ಸ್ಟಿಕ್ಕರು, ಹಾರ, ಬಂಪರುಗಳ ಚೌಕಾಸಿಗೆ ಮೊದಲು ಪರೀಕ್ಷೆಯಾದ ರಕ್ಷಣಾ ಚೌಕಟ್ಟು, ಅದರ ಜೊತೆಗೆ ಬೆಲ್ಟು ಕೊಡುತ್ತೀರಾ ಎಂದು ಕೇಳಿ. ಚೌಕಟ್ಟಿಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟು ಮಾತ್ರ ಕಟ್ಟಿಕೊಳ್ಳಬೇಡಿ. ಹಳೆಯ ಜೀಪು ಇಟ್ಟುಕೊಂಡವರು ಇವತ್ತೇ ಹಿಂದಿನ ಗಾಲಿಯ ಕೆಳಗೆ ಬಗ್ಗಿ, ಬಾರಿನ ಪಾದದಡಿ ಪ್ಲೇಟು ಇದೆಯೇ ನೋಡಿ. ಇಲ್ಲದಿದ್ದರೆ ಅದು ಬಾವುಟ ಕಟ್ಟಲು ಮಾತ್ರ ಯೋಗ್ಯ.