ಎಂಜಿನ್ ಅವರದು, ಕಾಟಾನೂ ಅವರದೇ: ಗೇಮ್ ಮಾಡುವವರ ಮೇಲೆ ಬಿದ್ದ ‘ಇನ್‌ಸ್ಟಾಲ್ ಶುಲ್ಕ’ದ ಕತೆ

ಗೇಮ್ ಮಾಡೋದು ಕಲೀಬೇಕು ಅಂತ ಹಾಸ್ಟೆಲಿನಲ್ಲಿ ಯಾರನ್ನೇ ಕೇಳಿ, ಮೊದಲ ಉತ್ತರ ಒಂದೇ: “ಯೂನಿಟಿ ಹಾಕ್ಕೋ, ಫ್ರೀ ಐತಿ.” ಮಾತು ಸುಳ್ಳಲ್ಲ. ಆದರೆ ಆ ಫ್ರೀ ಅನ್ನೋದರ ಹಿಂದೆ ಒಂದು ಒಪ್ಪಂದ ಇದೆ. ನಾವು ಓದದೇ ‘ಐ ಅಗ್ರೀ’ ಒತ್ತಿರುವ ಒಪ್ಪಂದ. ಅದರ ಬೆಲೆ ಏನು ಅಂತ ಜಗತ್ತಿನ ಗೇಮ್ ಡೆವಲಪರ್‌ಗಳಿಗೆ ಗೊತ್ತಾಗಿದ್ದು 2023ರ ಸೆಪ್ಟೆಂಬರ್ 12ರಂದು.

ಎಂಜಿನ್ ಅಂದ್ರೆ ಮಗ್ಗ

ಬನಹಟ್ಟಿಯಲ್ಲಿ ಸೀರೆ ನೇಯುವವರನ್ನು ನೆನಪಿಸಿಕೊಳ್ಳಿ. ನೂಲು, ಬಣ್ಣ, ವಿನ್ಯಾಸ, ಕೈಚಳಕ ಎಲ್ಲ ಬೇರೆ ಬೇರೆ ಸೀರೆಗೆ ಬೇರೆ ಬೇರೆ. ಮಗ್ಗ ಮಾತ್ರ ಅದೇ. ಗೇಮ್ ಎಂಜಿನ್ ಕೂಡ ಹಾಗೇ. ಪರದೆಯ ಮೇಲೆ ಚಿತ್ರ ಮೂಡಿಸೋದು, ಚೆಂಡು ನೆಲಕ್ಕೆ ಬಿದ್ದರೆ ಪುಟಿಯುವಂತೆ ಮಾಡೋದು, ಸದ್ದು ಹೊರಡಿಸೋದು, ಒಂದೇ ಕೋಡ್ ಆಂಡ್ರಾಯ್ಡ್, ಐಫೋನ್, ಪಿಸಿ ಮೂರರಲ್ಲೂ ಓಡುವಂತೆ ಕಟ್ಟಿಕೊಡೋದು ಎಂಜಿನ್‌ನ ಕೆಲಸ. ಇದನ್ನೆಲ್ಲ ಸೊನ್ನೆಯಿಂದ ಬರೆಯಲು ಹೋದರೆ ನಾಲ್ಕು ವರ್ಷದ ಬಿಇ ಮುಗಿದರೂ ಗೇಮ್ ಮುಗಿಯೋದಿಲ್ಲ.

ಎಂಜಿನ್ ಮಾಡಿದವರೂ ಹೊಟ್ಟೆ ಹೊರೀಬೇಕಲ್ಲ? ಅವರು ದುಡ್ಡು ಕೇಳುವ ದಾರಿ ಮೂರು. ನಮ್ಮ ಲೋಕಾಪುರ, ಮುಧೋಳ ಕಡೆಯ ರೈತರಿಗೆ ಈ ಮೂರೂ ಹೊಸದಲ್ಲ.

ಮೊದಲನೆಯದು ಲಾವಣಿ. ಬೆಳೆ ಬರಲಿ ಬಿಡಲಿ, ವರ್ಷಕ್ಕೆ ಇಷ್ಟು ಅಂತ ಮಾತಾಗಿರ್ತದೆ. ಸಾಫ್ಟ್‌ವೇರ್‌ನಲ್ಲಿ ಇದು ‘ಸೀಟ್’ ಲೆಕ್ಕದ ಚಂದಾ. ಎಂಜಿನ್ ಬಳಸುವ ಪ್ರತಿ ಡೆವಲಪರ್‌ಗೆ ವರ್ಷಕ್ಕೆ ಇಷ್ಟು.

ಎರಡನೆಯದು ಪಾಲು. ಬೆಳೆದದ್ದರಲ್ಲಿ ಇಷ್ಟು ಭಾಗ. ಇದು ರಾಯಲ್ಟಿ. ಎಪಿಕ್ ಕಂಪನಿಯ ಅನ್‌ರಿಯಲ್ ಎಂಜಿನ್ ಗೇಮ್‌ಗಳಿಗೆ ಇದೇ ದಾರಿ ಹಿಡಿದಿದೆ. ಒಂದು ಗೇಮ್‌ನ ಒಟ್ಟು ಗಳಿಕೆ 10 ಲಕ್ಷ ಡಾಲರ್ ದಾಟುವವರೆಗೆ ಏನೂ ಇಲ್ಲ, ದಾಟಿದ ಮೇಲಿನದಕ್ಕೆ ಶೇ. 5.

ಮೂರನೆಯದು ಹಿಟ್ಟಿನ ಗಿರಣಿ. ಎಷ್ಟು ಕಿಲೋ ಬೀಸಿದೆಯೋ ಅಷ್ಟಕ್ಕೆ ರೊಕ್ಕ. ಹೆಸ್ಕಾಂ ಬಿಲ್ಲೂ ಹೀಗೇ, ಕ್ಲೌಡ್ ಸರ್ವರ್ ಬಾಡಿಗೆಯೂ ಹೀಗೇ. ಇದರಲ್ಲಿ ಅನ್ಯಾಯವೇನೂ ಇಲ್ಲ. ಯಾಕಂದ್ರೆ ಗಿರಣಿಯಲ್ಲಿ ತೂಕ ನಮ್ಮ ಕಣ್ಣೆದುರಿಗೇ ಆಗ್ತದೆ, ದರ ಮೊದಲೇ ಗೊತ್ತಿರ್ತದೆ, ಬೀಸಿದ ಹಿಟ್ಟು ನಮ್ಮ ಡಬ್ಬಿಯಲ್ಲಿರ್ತದೆ. ಯೂನಿಟಿ ಎಡವಿದ್ದು ಈ ಮೂರು ವಿಷಯಗಳಲ್ಲೇ.

ಏನು ಘೋಷಣೆಯಾಯ್ತು?

ಅಲ್ಲಿಯವರೆಗೆ ಯೂನಿಟಿಯದು ಲಾವಣಿ ಪದ್ಧತಿ. 2023ರ ಸೆಪ್ಟೆಂಬರ್ 12ರಂದು ಕಂಪನಿ ‘ರನ್‌ಟೈಮ್ ಫೀ’ ಎಂಬುದನ್ನು ಪ್ರಕಟಿಸಿತು. 2024ರ ಜನವರಿ 1ರಿಂದ, ಒಂದು ಮಿತಿ ದಾಟಿದ ಗೇಮ್ ಪ್ರತಿ ಸಲ ಹೊಸದಾಗಿ ಇನ್‌ಸ್ಟಾಲ್ ಆದಾಗಲೂ ಡೆವಲಪರ್ ದುಡ್ಡು ಕಟ್ಟಬೇಕು. ಉಚಿತದ ‘ಪರ್ಸನಲ್’ ಯೋಜನೆಯಲ್ಲಿ ಮಿತಿ ಹೀಗಿತ್ತು: ಕಳೆದ 12 ತಿಂಗಳ ಗಳಿಕೆ 2 ಲಕ್ಷ ಡಾಲರ್ ಮತ್ತು ಒಟ್ಟು ಇನ್‌ಸ್ಟಾಲ್ 2 ಲಕ್ಷ. ಎರಡನ್ನೂ ದಾಟಿದರೆ ಇನ್‌ಸ್ಟಾಲ್‌ಗೆ 20 ಸೆಂಟ್. ಅಮೆರಿಕ, ಜಪಾನ್, ಜರ್ಮನಿಯಂಥ ಪಟ್ಟಿಯ ಹೊರಗಿನ ದೇಶಗಳಲ್ಲಿ, ಅಂದರೆ ಭಾರತದಲ್ಲೂ, 2 ಸೆಂಟ್. ದುಡ್ಡು ಕೊಟ್ಟು ಕೊಳ್ಳುವ ‘ಪ್ರೊ’ ಯೋಜನೆಯಲ್ಲಿ ಮಿತಿ 10 ಲಕ್ಷ ಡಾಲರ್ ಮತ್ತು 10 ಲಕ್ಷ ಇನ್‌ಸ್ಟಾಲ್, ನಮ್ಮಂಥ ದೇಶಗಳ ದರ 1 ಸೆಂಟ್.

2 ಸೆಂಟ್ ಏನು ಮಹಾ ಅನ್ನಿಸಬಹುದು. ಒಂದು ಊಹೆಯ ಲೆಕ್ಕ ಮಾಡೋಣ. ಮೂವರು ಗೆಳೆಯರು ಸೇರಿ ಕಬಡ್ಡಿ ಗೇಮ್ ಮಾಡಿದರು. ಆಡೋದು ಉಚಿತ, ಜಾಹೀರಾತಿನಿಂದ ಗಳಿಕೆ. ವರ್ಷಕ್ಕೆ 2.1 ಲಕ್ಷ ಡಾಲರ್ ಬಂತು. ಮಿತಿ ದಾಟಿದ ಮೇಲೆ ಭಾರತದಲ್ಲೇ 1 ಕೋಟಿ ಇನ್‌ಸ್ಟಾಲ್ ಆಯ್ತು ಅಂತಿಟ್ಟುಕೊಳ್ಳಿ. ಶುಲ್ಕ 2 ಲಕ್ಷ ಡಾಲರ್. ಉಳಿದದ್ದು 10 ಸಾವಿರ. ಸರ್ವರ್ ಖರ್ಚು, ತೆರಿಗೆ, ಮೂವರ ಊಟ ಎಲ್ಲ ಅದರಲ್ಲೇ.

ತಪ್ಪಿಸಿಕೊಳ್ಳುವ ದಾರಿಯೂ ಇತ್ತು. ಸೀಟಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಕೊಟ್ಟು ಪ್ರೊ ತಗೊಂಡರೆ ಮಿತಿ ಮೇಲೇರಿ ಶುಲ್ಕ ಸೊನ್ನೆ. ಆದರೆ ಗಳಿಕೆ 10 ಲಕ್ಷ ಡಾಲರ್ ದಾಟಿ, ಆಗ 5 ಕೋಟಿ ಇನ್‌ಸ್ಟಾಲ್ ಆದರೆ ಮತ್ತೆ 5 ಲಕ್ಷ ಡಾಲರ್ ಕಟ್ಟಬೇಕು. 40 ಡಾಲರ್‌ಗೆ ಗೇಮ್ ಮಾರುವವನಿಗೆ 20 ಸೆಂಟ್ ಲೆಕ್ಕಕ್ಕೇ ಇಲ್ಲ. ಫ್ರೀ ಕೊಟ್ಟು ಒಬ್ಬ ಆಟಗಾರನಿಂದ ಎರಡು ಮೂರು ರೂಪಾಯಿ ಗಳಿಸುವವನಿಗೆ ಅದೇ ಶುಲ್ಕ ಕುತ್ತಿಗೆಗೆ ಬರ್ತದೆ. ನಮ್ಮ ದೇಶದ ಮೊಬೈಲ್ ಗೇಮ್‌ಗಳಲ್ಲಿ ಹೆಚ್ಚಿನವು ಎರಡನೇ ಜಾತಿಯವು.

ಸಿಟ್ಟು ಬಂದಿದ್ದು ಯಾಕೆ?

ಒಂದು, ಇನ್‌ಸ್ಟಾಲ್‌ಗೂ ಗಳಿಕೆಗೂ ನೇರ ಸಂಬಂಧ ಇಲ್ಲ. ನೇಕಾರ ಸೀರೆ ಮಾರಿದಾಗ ಪಾಲು ಕೇಳೋದು ಬೇರೆ, ಕೊಂಡವಳು ಆ ಸೀರೆಯನ್ನು ಹೊಸ ಪೆಟ್ಟಿಗೆಯಲ್ಲಿ ಇಟ್ಟಾಗಲೆಲ್ಲ ನೇಕಾರನಿಂದ ರೊಕ್ಕ ಕೇಳೋದು ಬೇರೆ. ಅಳಿಸಿ ಮತ್ತೆ ಹಾಕಿಕೊಂಡರೂ ಎಣಿಸ್ತೀವಿ ಅಂತ ಕಂಪನಿ ಮೊದಲು ಹೇಳಿ, ಗದ್ದಲ ಎದ್ದ ಮೇಲೆ ಒಂದು ಸಾಧನಕ್ಕೆ ಒಂದೇ ಸಲ ಅಂತ ಮಾತು ಬದಲಿಸಿತು. ಆಗದವನೊಬ್ಬ ಬೇಕಂತಲೇ ಸಾವಿರಾರು ಸಲ ಇನ್‌ಸ್ಟಾಲ್ ಮಾಡಿ ಡೆವಲಪರ್‌ನನ್ನು ಮುಳುಗಿಸಿದರೆ ಗತಿಯೇನು ಅನ್ನೋ ಭಯವೂ ಹುಟ್ಟಿತು.

ಎರಡು, ಎಣಿಸುವವರು ಯಾರು? ತನ್ನದೇ ‘ಡೇಟಾ ಮಾಡೆಲ್’ನಿಂದ ಅಂದಾಜು ಮಾಡ್ತೀನಿ ಅಂತ ಯೂನಿಟಿ ಹೇಳಿತು. ನಮ್ಮ ಭಾಗದಲ್ಲಿ ಕಬ್ಬು ಬೆಳೆದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಕಬ್ಬು ನಮ್ಮದು, ಕಾಟಾ ಫ್ಯಾಕ್ಟರಿಯದು. ತೂಕದ ಬಗ್ಗೆ ರೈತರ ತಕರಾರು ಇಂದು ನಿನ್ನೆಯದಲ್ಲ. ಆದರೂ ಅಲ್ಲಿ ಹೊರಗಿನ ವೇಬ್ರಿಜ್‌ನಲ್ಲಿ ಒಮ್ಮೆ ತೂಗಿಸಿ ನೋಡುವ ದಾರಿಯಾದರೂ ಇದೆ. ಇಲ್ಲಿ ಅದೂ ಇರಲಿಲ್ಲ.

ಮೂರನೆಯದೇ ದೊಡ್ಡದು: ಆಟ ಶುರುವಾದ ಮೇಲೆ ನಿಯಮ ಬದಲಾಯ್ತು. ವರ್ಷಗಳ ಹಿಂದೆ ಬಿಡುಗಡೆಯಾದ ಗೇಮ್‌ಗೂ 2024ರ ನಂತರದ ಹೊಸ ಇನ್‌ಸ್ಟಾಲ್‌ಗಳಿಗೆ ಶುಲ್ಕ ಅನ್ವಯ ಆಗ್ತಿತ್ತು. ನೀವು ಯಾವ ಆವೃತ್ತಿ ಬಳಸ್ತೀರೋ ಆ ಆವೃತ್ತಿಯ ಷರತ್ತಿನಲ್ಲೇ ಉಳೀಬಹುದು ಅಂತ 2019ರಲ್ಲಿ ಇದೇ ಕಂಪನಿ ಮಾತು ಕೊಟ್ಟಿತ್ತು. ಅರ್ಧ ಮುಗಿದ ಗೇಮನ್ನು ಬೇರೆ ಎಂಜಿನ್‌ಗೆ ಸಾಗಿಸೋದು ಅಂದರೆ ಬಹುಪಾಲು ಹೊಸದಾಗಿ ಬರೆದಂತೆ. ಬಿಟ್ಟು ಹೋಗಲಾರದವನ ಮೇಲೆ ದರ ಏರಿಸುವುದು ಸುಲಭ.

ಕಂಪನಿಗೂ ಒತ್ತಡ ಇತ್ತು ಅನ್ನೋದನ್ನು ಮರೆಯಬಾರದು. 2020ರಲ್ಲಿ ಷೇರು ಮಾರುಕಟ್ಟೆಗೆ ಬಂದ ಯೂನಿಟಿ 2022ರಲ್ಲಿ 90 ಕೋಟಿ ಡಾಲರ್‌ಗೂ ಮಿಗಿಲಾದ ನಷ್ಟ ತೋರಿಸಿತ್ತು. ಬರೀ ಲಾವಣಿಯಿಂದ ಅದು ತುಂಬುವಂತಿರಲಿಲ್ಲ.

ಮುಂದೇನಾಯ್ತು?

ಹತ್ತೇ ದಿನದಲ್ಲಿ, ಸೆಪ್ಟೆಂಬರ್ 22ರಂದು, ಯೂನಿಟಿ ಅರ್ಧ ಹಿಂದೆ ಸರಿಯಿತು. ಪರ್ಸನಲ್ ಯೋಜನೆಗೆ ಶುಲ್ಕ ಇಲ್ಲ, ಹಳೆಯ ಆವೃತ್ತಿಗಳಿಗೆ ಇಲ್ಲ, ಉಳಿದವರಿಗೆ ಗಳಿಕೆಯ ಶೇ. 2.5ಕ್ಕಿಂತ ಜಾಸ್ತಿ ಆಗೋದಿಲ್ಲ, ಎಣಿಕೆಯನ್ನು ಡೆವಲಪರೇ ಒಪ್ಪಿಸಬಹುದು. ಅಕ್ಟೋಬರ್‌ನಲ್ಲಿ ಸಿಇಒ ಜಾನ್ ರಿಚಿಟೆಲ್ಲೊ ಹುದ್ದೆ ಬಿಟ್ಟರು. ಘೋಷಣೆಯಾಗಿ ಸರಿಯಾಗಿ ಒಂದು ವರ್ಷಕ್ಕೆ, 2024ರ ಸೆಪ್ಟೆಂಬರ್ 12ರಂದು, ಹೊಸ ಸಿಇಒ ಮ್ಯಾಥ್ಯೂ ಬ್ರೊಂಬರ್ಗ್ ಗೇಮ್‌ಗಳ ಮೇಲಿನ ರನ್‌ಟೈಮ್ ಫೀಯನ್ನೇ ರದ್ದು ಮಾಡಿದರು. ಬದಲಿಗೆ ಪ್ರೊ ಸೀಟಿನ ದರ ಶೇ. 8 ಏರಿ ವರ್ಷಕ್ಕೆ 2,200 ಡಾಲರ್ ಆಯ್ತು. ಅಂದರೆ ಮತ್ತೆ ಲಾವಣಿಗೇ ಬಂದರು.

ಅಷ್ಟರಲ್ಲಿ ನಂಬಿಕೆ ಸೋರಿಹೋಗಿತ್ತು. ‘ಸ್ಲೇ ದ ಸ್ಪೈರ್’ ಮಾಡಿದ ಮೆಗಾ ಕ್ರಿಟ್ ತಂಡ ತನ್ನ ಮುಂದಿನ ಗೇಮನ್ನು ಗೊಡೊ ಎಂಜಿನ್‌ಗೆ ಸಾಗಿಸಿತು. ‘ಟೆರೇರಿಯಾ’ ಮಾಡಿದ ರೀ-ಲಾಜಿಕ್ ಕಂಪನಿ ಗೊಡೊಗೆ 1 ಲಕ್ಷ ಡಾಲರ್ ದೇಣಿಗೆ ಕೊಟ್ಟಿತು. ಅರ್ಜೆಂಟೀನಾದ ಇಬ್ಬರು ಶುರುಮಾಡಿದ ಗೊಡೊ 2014ರಿಂದ ಓಪನ್ ಸೋರ್ಸ್. ಎಂಐಟಿ ಲೈಸೆನ್ಸ್ ಇರುವುದರಿಂದ ನೀವು ಇಳಿಸಿಕೊಂಡ ಆವೃತ್ತಿಗೆ ನಾಳೆ ಯಾರೂ ಬಂದು ದರ ಕಟ್ಟಲಾರರು. ಕೊರತೆಯೂ ಇದೆ: ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗೆ ಒಯ್ಯಲು ಬೇರೆಯವರ ನೆರವು ಬೇಕು, ಯೂನಿಟಿಯಷ್ಟು ರೆಡಿ ಸಾಮಗ್ರಿ ಸಿಗೋದಿಲ್ಲ.

ನಮಗೇನು ಇದರಿಂದ?

ಕರ್ನಾಟಕ ಸರ್ಕಾರ ಆನಿಮೇಷನ್, ಗೇಮಿಂಗ್ ವಲಯಕ್ಕೆ 2024–29ರ ಹೊಸ ನೀತಿ ತಂದಿದೆ. ನಮ್ಮ ಜಿಲ್ಲೆಯಿಂದಲೂ ಗೇಮ್ ಬರುವ ಕಾಲ ದೂರವಿಲ್ಲ. ಹಾಗಂತ ಯೂನಿಟಿ ಕಲೀಬೇಡಿ ಅಂತ ಹೇಳ್ತಿಲ್ಲ. ಇವತ್ತಿಗೂ ವರ್ಷಕ್ಕೆ 2 ಲಕ್ಷ ಡಾಲರ್ ಗಳಿಕೆಯವರೆಗೆ ಅದು ಉಚಿತ, ಕೆಲಸವೂ ಸಿಗ್ತದೆ. ಆದರೆ ಪ್ರಾಜೆಕ್ಟ್ ಶುರು ಮಾಡುವ ದಿನ ಮೂರು ಕೆಲಸ ಮಾಡಿ. ಆವತ್ತಿನ ಷರತ್ತುಗಳ ಪ್ರತಿಯನ್ನು ಆವೃತ್ತಿ ಸಂಖ್ಯೆ ಸಮೇತ ಉಳಿಸಿಕೊಳ್ಳಿ. ಆಟದ ನಿಯಮ, ಅಂಕದ ಲೆಕ್ಕದಂಥ ಲಾಜಿಕ್ಕನ್ನು ಎಂಜಿನ್‌ನ ಕೋಡ್‌ನಿಂದ ಬೇರೆ ಫೈಲ್‌ಗಳಲ್ಲಿಡಿ, ನಾಳೆ ಮನೆ ಬದಲಿಸಬೇಕಾದರೆ ಅಷ್ಟಾದರೂ ಜೊತೆಗೆ ಬರ್ತದೆ. ಚಿತ್ರ, ಸದ್ದು, ಮಾಡೆಲ್‌ಗಳ ಮೂಲ ಫೈಲ್‌ಗಳನ್ನು ಎಲ್ಲ ಎಂಜಿನ್‌ಗಳೂ ಓದುವ ರೂಪದಲ್ಲಿ ಇಟ್ಟುಕೊಳ್ಳಿ.

ಕ್ಲೌಡ್ ಇರಲಿ, ಎಐ ಎಪಿಐ ಇರಲಿ, ಮುಂದೆ ನಾವು ಕಟ್ಟುವ ಬಹುತೇಕ ಎಲ್ಲದರ ಕೆಳಗೂ ಇನ್ನೊಬ್ಬರ ಮೀಟರ್ ಓಡ್ತಿರ್ತದೆ. ಮೀಟರ್ ಇರೋದು ತಪ್ಪಲ್ಲ. ಅದು ಏನನ್ನು ಎಣಿಸ್ತದೆ, ಯಾರ ಕೈಯಲ್ಲಿದೆ, ದರವನ್ನು ಮಧ್ಯದಲ್ಲಿ ಬದಲಿಸುವ ಹಕ್ಕು ಯಾರಿಗಿದೆ, ಈ ಮೂರನ್ನು ‘ಐ ಅಗ್ರೀ’ ಒತ್ತುವ ಮೊದಲು ಕೇಳಿಕೊಳ್ಳೋಣ.